ಅಪ್ಪನ ಕಾಲು ಹಾರ್ಮೋನಿಯಂ ಮತ್ತು ನಮ್ಮ ಮೊದಲ ಪ್ಲೇಟು

ಮಂಡ್ಯದಿಂದ ರಾಕ್ ಬ್ಯಾಂಡೇ ಎಂದು ಹುಬ್ಬೇರಿಸುವವರು ಏರಿಸಲಿ, ನನಗೇನು. ಎಪ್ಪತ್ತರ ದಶಕದಲ್ಲಿ ನಾವು ನಾಲ್ವರು ಗೆಳೆಯರು ಕಟ್ಟಿದ್ದೆವು, ಒಂದು ಎಲ್ಪಿ ಪ್ಲೇಟೂ ತಂದೆವು. ಅದರ ಒಂದು ಮಗ್ಗುಲು ಪೂರ್ತಿ ಒಂದೇ ಹಾಡು. ಏಳರ ತಾಳದಲ್ಲಿ ಶುರುವಾಗಿ, ನಡುವೆ ಮಾತೇ ಇಲ್ಲದೆ ಬರೀ ವಾದ್ಯ ಓಡುತ್ತದೆ. ತಿಳಿದವರು ಇದನ್ನು ಪ್ರೋಗ್ರೆಸಿವ್ ರಾಕ್ ಅನ್ನುತ್ತಾರೆ. ಅಪ್ಪ ಗಲಾಟೆ ಅನ್ನುತ್ತಿದ್ದರು.

ಅಪ್ಪ ಮದ್ದೂರು ಸೀಮೆಯ ನಾಟಕದ ಮೇಷ್ಟ್ರು. ಕಾಲಲ್ಲಿ ತಿದಿ ಒತ್ತಿ ಎರಡು ಕೈಯಲ್ಲೂ ನುಡಿಸುವ ಕಾಲು ಹಾರ್ಮೋನಿಯಂ ಮುಂದೆ ಕೂತು, ಆತಗೂರಿನಿಂದ ಮಳವಳ್ಳಿವರೆಗೆ ಪೌರಾಣಿಕ ನಾಟಕ ಆಡಿಸಿದವರು. ನನಗೆ ಕಲಿಸಿದವರೂ ಅವರೇ. ಕಲಿಸಿದರು, ತಪ್ಪಿದರೆ ಬಾರಿಸಿದರು, ಚೆನ್ನಾಗಿ ನುಡಿಸಿದೆ ಎಂದು ಮಾತ್ರ ಒಂದು ದಿನವೂ ಹೇಳಲಿಲ್ಲ. ಊರಿಗೆಲ್ಲ ಹಂಚುತ್ತಿದ್ದ ಆ ಮಾತಿಗೆ ನಾನು ಹಾತೊರೆಯುತ್ತಿದ್ದೆ.

ಎಲೆಕ್ಟ್ರಿಕ್ ಆರ್ಗನ್ ತರುವ ಯೋಗ್ಯತೆ ನಮಗಿರಲಿಲ್ಲ. ಬೆಂಗಳೂರಿನ ಸ್ಟುಡಿಯೋಗೆ ಒಯ್ಯಲು ಅಪ್ಪನ ಹಾರ್ಮೋನಿಯಂ ಪೆಟ್ಟಿಗೆಯನ್ನೇ ಕೇಳಿದೆ.

"ಪೆಟ್ಗೆ ಜೊತೇಲಿ ನಾನೂ ಬತ್ತೀನಿ ಕಣ್ಲಾ," ಅಂದರು. "ನಿನ್ ಗಲಾಟೆ ಕೇಳಕ್ಕಲ್ಲ. ತಿದಿ ಅರ್ದಾಕ್ಬುಟ್ಟೀಯ."

ಸ್ಟುಡಿಯೋದವನು ಕಡ್ಡಿ ಮುರಿದಂತೆ ಹೇಳಿದ: ಕೆಂಪು ದೀಪ ಹತ್ತಿದ ಮೇಲೆ ಯಾರೂ ಉಸಿರೆತ್ತಬಾರದು, ಸಂಜೆಯೊಳಗೆ ಸರಿಯಾಗದಿದ್ದರೆ ಆ ಹಾಡು ಪ್ಲೇಟಿಗೆ ಇಲ್ಲ. ಅಪ್ಪ ಪೆಟ್ಟಿಗೆ ಬಿಟ್ಟು ಹೊರಗೆ ಕೂರಲು ಒಪ್ಪಲಿಲ್ಲ. ನನ್ನ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು, ಬಾಯಿಗೆ ಟವೆಲ್ ಒತ್ತಿಕೊಂಡು ಕೂತರು.

ಬೆಳಗ್ಗೆಯಿಂದ ಒಂದಲ್ಲ ಒಂದು ಕೆಡುತ್ತಲೇ ಇತ್ತು. ಹೊತ್ತು ಇಳಿದ ಮೇಲೆ ಕೊನೆಗೊಂದು ಸಲ ಎಲ್ಲ ಕೂಡಿಬಂತು. ಉಳಿದವರು ನಿಂತು ಪೆಟ್ಟಿಗೆಯೊಂದೇ ಓಡುವ ಜಾಗದಲ್ಲಿ ನನ್ನ ಬೆರಳಿಗೆ ಅದೇನು ಹುಕಿ ಬಂತೋ, ಹಿಂದೆಂದೂ ಹಾಗೆ ನುಡಿಸಿರಲಿಲ್ಲ. ಮುಗಿಸಿ ಕೈ ಎತ್ತಿದ್ದೇ ತಡ, ಹಿಂದಿನಿಂದ ಅಪ್ಪ ಕೂಗಿದರು.

"ಒನ್ಸ್ ಮೋರ್!"

ನಮ್ಮ ಕಡೆ ನಾಟಕದಲ್ಲಿ ಪದ್ಯ ಹಿಡಿಸಿದರೆ ಜನ ಹಾಗೆ ಕೂಗುತ್ತಾರೆ. ಕೂಗಿದರೆ ರಾಜಪಾರ್ಟಿನವನು ಸತ್ತು ಬಿದ್ದಿದ್ದರೂ ಎದ್ದು ಮತ್ತೆ ಹಾಡಬೇಕು, ಪೆಟ್ಟಿಗೆ ನಿಲ್ಲಕೂಡದು. ಅಪ್ಪ ಹೊಡೆದು ಕಲಿಸಿದ ಪಾಠ ಅದು. ನಾನು ಯೋಚಿಸುವ ಮೊದಲೇ ಕಾಲು ತಿದಿ ಒತ್ತಿಯಾಗಿತ್ತು. ಇನ್ನೊಮ್ಮೆ ಪೂರ್ತಿ ನುಡಿಸಿದೆ. ಡ್ರಮ್ಮಿನ ಗೆಳೆಯ ಮಳವಳ್ಳಿಯವನು, ಅವನಿಗೂ ಈ ರೂಢಿ ಗೊತ್ತು. ಕಾದಿದ್ದು ಸರಿಯಾಗಿ ಬಂದು ಸೇರಿಕೊಂಡ.

ದೀಪ ಆರಿದಾಗ ಅಪ್ಪನ ಮುಖ ಬಿಳುಚಿಕೊಂಡಿತ್ತು.

"ಕೆಡಿಸ್ಬುಟ್ನೇನ್ಲಾ?"

ಆ ಕೂಗು ತೆಗೆದು ಟೇಪು ಅಂಟಿಸಬಹುದು ಎಂದು ಸ್ಟುಡಿಯೋದವನು ಕತ್ತರಿ ಎತ್ತಿಕೊಂಡ.

"ಕತ್ತರಿ ಕೆಳಗಿಡಿ ಸ್ವಾಮಿ," ಅಂದೆ. ನನ್ನ ದನಿ ಕೇಳಿ ಇಟ್ಟೇಬಿಟ್ಟ.

ಪ್ಲೇಟು ಮಾರಿದ್ದು ಅಷ್ಟಕ್ಕಷ್ಟೇ. ಆದರೂ ಅದನ್ನು ನೆನೆದರೆ ಈಗಲೂ ನನ್ನ ಎದೆ ಉಬ್ಬುತ್ತದೆ. ಅಪ್ಪ ಆಮೇಲೂ ನನ್ನೆದುರು ಹೊಗಳಲಿಲ್ಲ. ಆದರೆ ಮನೆಗೆ ಯಾರೇ ಬಂದರೂ ಪ್ಲೇಟು ಹಾಕಿಸಿ, ಆ ಜಾಗ ಹತ್ತಿರವಾದಾಗ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸುತ್ತಿದ್ದರು.

"ತಡೀರಿ, ಈಗ ನನ್ ಮಗಂಗೆ ಒನ್ಸ್ ಮೋರ್ ಬತ್ತದೆ."

ಕೂಗಿದ್ದು ಯಾರು ಎಂದು ಯಾರಾದರೂ ಕೇಳಿದರೆ, ಅಪ್ಪ ಎಲೆಯಡಿಕೆ ತಟ್ಟೆ ಕಡೆ ತಿರುಗಿಬಿಡುತ್ತಿದ್ದರು.

"ಯಾರೋ ಸಂಗೀತ ತಿಳ್ದೋರು."