ಮಾತಿಗೊಂದು ವರದಿ

ಸಿಟಿ ಬಸ್ಸಿನ ಆ ಕಂಡಕ್ಟರನಿಗೆ ರೈಟಣ್ಣ ಎಂಬ ಹೆಸರು ಬಿದ್ದದ್ದು ಅವನ ಗಂಟಲಿನಿಂದ. ಹಿಂದಿನ ಬಾಗಿಲಲ್ಲಿ ನಿಂತು ಅವನು ‘ರೈಟ್ ರೈಟ್’ ಎಂದು ಕೂಗಿದರೆ ತೂಕಡಿಸುತ್ತಿದ್ದವರೂ ಬೆಚ್ಚಿ ಎದ್ದು ಜೇಬು ತಡಕಿಕೊಳ್ಳುತ್ತಿದ್ದರು. ಮನೆಗೆ ಬಂದರೂ ಅದೇ ದನಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಾ ಕೂತಿರುತ್ತಿದ್ದ ಅವನ ಹೆಂಡತಿ, ‘ಸ್ವಲ್ಪ ಮೆಲ್ಲಗೆ ಮಾತಾಡ್ರೀ, ಇದೇನು ಬಸ್ಸಾ?’ ಎಂದು ಗದರುವುದು, ಅವನು ಇನ್ನೂ ಗಟ್ಟಿಯಾಗಿ ನಗುವುದು ನಡೆದೇ ಇರುತ್ತಿತ್ತು. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಅವಳನ್ನು ಬೀದಿಯವರು ಟೈಲರಕ್ಕ ಎನ್ನುತ್ತಿದ್ದರು.

ಅಂಥ ರೈಟಣ್ಣನ ನಾಲಿಗೆ ಮೊದಲು ತೊದಲಿತು. ಕುಡಿದು ಬಂದಿದ್ದಾನೆ ಎಂದು ಡಿಪೋದವರು ನಕ್ಕರು. ಆಮೇಲೆ ಬೆರಳುಗಳು ಸೋತು, ಟಿಕೆಟ್ಟು ಹರಿಯುವುದೂ ಕಷ್ಟವಾಯಿತು. ನರದ ಡಾಕ್ಟರು ಅದೂ ಇದೂ ಪರೀಕ್ಷೆ ಮಾಡಿಸಿ, ಸ್ನಾಯುಗಳಿಗೆ ಹೋಗುವ ನರಗಳು ಒಂದೊಂದಾಗಿ ಒಣಗುತ್ತಿವೆ, ತಡೆಯುವ ಔಷಧ ಇಲ್ಲ ಎಂದರು. ‘ಬುದ್ಧಿಗೇನೂ ಆಗಲ್ಲಮ್ಮ. ಎಲ್ಲಾ ಗೊತ್ತಾಗ್ತಿರುತ್ತೆ’ ಎಂದು ಸಮಾಧಾನದ ಮಾತಾಗಿ ಸೇರಿಸಿದರು. ಟೈಲರಕ್ಕನಿಗೆ ಆ ಮಾತೇ ಎದೆಗೆ ನಾಟಿತು.

ಗಂಡ ಮಂಚ ಹಿಡಿದ ಮೇಲೆ ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಒಂದು ಯಂತ್ರದ ವಿಷಯ ಹೇಳಿದಳು. ನೋಡೋಕೆ ದೊಡ್ಡ ಸ್ಲೇಟಿನ ಹಾಗೆ. ಅದರ ಮೇಲಿನ ಅಕ್ಷರಗಳನ್ನು ಕಣ್ಣಲ್ಲೇ ದಿಟ್ಟಿಸಿದರೆ ಸಾಕು, ಪದ ಕೂಡಿಸಿ ಯಂತ್ರವೇ ಮಾತಾಡುತ್ತದೆ. ಕೊಳ್ಳುವುದು ಇವರ ಕೈಲಿ ಆಗದ ಮಾತು. ಅಂಗವಿಕಲರ ಕಚೇರಿಯವರು ಕೊಡುತ್ತಾರೆ, ಆದರೆ ಡಾಕ್ಟರದ್ದೊಂದು, ತನ್ನದೊಂದು ವರದಿ ಬೇಕು ಎಂದಳು.

ಡಾಕ್ಟರು ಮೊದಲು ಬರೆದುಕೊಟ್ಟದ್ದು ಒಂದೇ ಸಾಲು: ಈ ರೋಗಿ ನನ್ನ ಚಿಕಿತ್ಸೆಯಲ್ಲಿದ್ದಾರೆ. ಇದು ಸಾಲದು, ಕಾಯಿಲೆ ಎಷ್ಟು ಮುಂದುವರಿದಿದೆ, ಇನ್ನು ಏನಾಗುತ್ತದೆ, ಎಲ್ಲ ಬೇಕು ಎಂದು ಕಚೇರಿಯವರು ವಾಪಸು ಕಳಿಸಿದರು. ಟೈಲರಕ್ಕ ಚೀಲದಲ್ಲಿ ಶರಟು, ಗುಂಡಿ, ಸೂಜಿದಾರ ತುಂಬಿಕೊಂಡು ಆಸ್ಪತ್ರೆಯ ಬೆಂಚು ಕಾದಳು. ಡಾಕ್ಟರು ರಜೆ, ಡಾಕ್ಟರು ಮೀಟಿಂಗು, ಡಾಕ್ಟರು ಈಗ ತಾನೇ ಹೋದರು. ವರದಿ ಕೈಗೆ ಬರುವ ಹೊತ್ತಿಗೆ ಒಂದಿಡೀ ತರಗತಿಯ ಗುಂಡಿಗಳೆಲ್ಲ ಆ ಬೆಂಚಿನ ಮೇಲೇ ಆಗಿಹೋಗಿದ್ದವು. ಅಷ್ಟರಲ್ಲಿ ರೈಟಣ್ಣನ ಕತ್ತೂ ವಾಲತೊಡಗಿತ್ತು.

ಮೇಡಂ ಮನೆಗೆ ಬಂದು ನೋಡುವ ದಿನ ರೈಟಣ್ಣ ಬೆಳಿಗ್ಗೆಯಿಂದಲೇ ಹಟ ಹಿಡಿದ. ಗಡ್ಡ ಹೆರೆಯಬೇಕು, ಇಸ್ತ್ರಿ ಮಾಡಿದ ಖಾಕಿ ಅಂಗಿಯೇ ಬೇಕು. ಕೂರಿಸಿ ದಿಂಬು ಒತ್ತು ಕೊಟ್ಟದ್ದಾಯಿತು. ಮೇಡಂ ಕೇಳಿದ್ದಕ್ಕೆಲ್ಲ ಹಣೆಯ ನರ ಉಬ್ಬಿಸಿಕೊಂಡು ಉತ್ತರ ಕೊಟ್ಟ. ‘ನೀರು’ ಎಂದ. ‘ಸಾಕು’ ಎಂದ. ತನ್ನ ಹೆಸರನ್ನೂ ಎಳೆದೆಳೆದು ಹೇಳಿದ. ಅವಳು ಹೋದ ಮೇಲೆ ಪರೀಕ್ಷೆ ಪಾಸಾದವನ ಹಾಗೆ ಹೆಂಡತಿಯ ಮುಖ ನೋಡಿದ. ಅಂಗಿ ಬೆನ್ನಿಗೆ ಅಂಟುವಷ್ಟು ಬೆವರಿದ್ದ.

ಅರ್ಜಿ ತಿರಸ್ಕಾರವಾಯಿತು. ಕಾಲೇಜಿನಿಂದ ಬಂದ ಮಗಳು ಕಾಗದ ಓದಿದಳು: ‘ಮನೆಯವರಿಗೆ ಅರ್ಥವಾಗುವಷ್ಟು ಮಾತು ಉಳಿದಿರುವುದು ವರದಿಯಿಂದ ಕಂಡುಬರುತ್ತದೆ. ಸದ್ಯಕ್ಕೆ ಯಂತ್ರದ ಅಗತ್ಯವಿಲ್ಲ.’

ಟೈಲರಕ್ಕ ಆ ಕಾಗದ ಹಿಡಿದುಕೊಂಡು ಮೇಡಂ ಹತ್ತಿರ ಓಡಿದಳು.

‘ನಾನು ಕಂಡದ್ದನ್ನೇ ಬರೆದೆ ಅಕ್ಕ’ ಎಂದಳು ಮೇಡಂ. ಅವಳ ಮುಖವೂ ಸಣ್ಣಗಾಗಿತ್ತು. ‘ಅವತ್ತು ಅವರು ತೋರಿಸಿದ್ದು ತಮ್ಮ ಒಳ್ಳೇ ದಿನ. ಕಚೇರಿಯವರು ನೋಡೋದು ಕೆಟ್ಟ ದಿನ. ಇನ್ನೊಂದು ಸಲ ಬರ್ತೀನಿ. ಏನೂ ಮುಚ್ಚಿಡದೆ ಹೇಳಬೇಕು.’

‘ಅವರ ಎದುರಿಗೇನಾ?’

‘ಅವರ ವಿಷಯ ಅವರ ಬೆನ್ನ ಹಿಂದೆ ಬರೆಯೋಕಾಗುತ್ತಾ, ಹೇಳಿ?’

ಎರಡನೇ ಸಲ ಮೇಡಂ ಬಂದಾಗ ರೈಟಣ್ಣನಿಗೆ ಒಂದು ಪದವೂ ಹೊರಡುತ್ತಿರಲಿಲ್ಲ. ಆದರೂ ಟೈಲರಕ್ಕನ ಬಾಯಿಂದ ಬಂದದ್ದು, ‘ಹೇಗೋ ನಡೀತಿದೆ ಮೇಡಂ. ಅವರ ಕಣ್ಣು ನೋಡಿದ್ರೇ ನನಗೆ ತಿಳಿಯುತ್ತೆ.’

‘ಇಲ್ಲಮ್ಮ, ತಿಳಿಯಲ್ಲ’ ಎಂದುಬಿಟ್ಟಳು ಬಾಗಿಲ ಹತ್ತಿರ ನಿಂತಿದ್ದ ಮಗಳು. ‘ಆ ಕಾಲಿನ ಗಾಯದ ವಿಷಯ ಹೇಳು.’

ಟೈಲರಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಹೇಳಲೋ ಬೇಡವೋ ಎಂಬಂತೆ ಗಂಡನ ಕಡೆ ಒಮ್ಮೆ ನೋಡಿ, ಆಮೇಲೆ ನೆಲ ನೋಡುತ್ತಲೇ ಶುರುಮಾಡಿದಳು. ಒಂದು ಮಧ್ಯಾಹ್ನ ಅವರ ಕಾಲು ಜಾರಿ ಮಂಚದ ಕಬ್ಬಿಣದ ಪಟ್ಟಿಗೆ ಸಿಕ್ಕಿಕೊಂಡಿತ್ತು. ತಾನು ಗೋಡೆಯ ಆಚೆ ಮಿಷನ್ ತುಳಿಯುತ್ತಿದ್ದಳು. ಅವರು ಎಷ್ಟು ಹೊತ್ತು ನರಳಿದರೋ, ಮಿಷನ್ನಿನ ಸದ್ದಲ್ಲಿ ಕೇಳಿಸಲೇ ಇಲ್ಲ. ಮಗಳು ಬಂದು ನೋಡಿದಾಗ ಚರ್ಮ ಕಿತ್ತು ರಕ್ತ ಹೆಪ್ಪುಗಟ್ಟಿತ್ತು. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. ಗಂಜಿ ನೆತ್ತಿಗೇರಿ ಮುಖ ನೀಲಿಯಾದದ್ದು, ಬೆನ್ನು ತುರಿಸಬೇಕೋ ಹೊದಿಕೆ ಬೇಕೋ ಗೊತ್ತಾಗದೆ ತಾನು ರೇಗಿದ್ದು, ಅವರು ಮುಖ ತಿರುಗಿಸಲೂ ಆಗದೆ ಕಣ್ಣು ಮುಚ್ಚಿಕೊಂಡದ್ದು, ಎಲ್ಲ ಹೇಳಿದಳು.

ಆಗ ರೈಟಣ್ಣ ನಗತೊಡಗಿದ. ಗಂಟಲಿನಿಂದ ತೆರೆತೆರೆಯಾಗಿ ಬರುವ, ನಿಲ್ಲದ ನಗು. ಟೈಲರಕ್ಕ ದಿಗಿಲುಬಿದ್ದು ಅವನ ಎದೆ ನೀವಿದಳು. ‘ಇದು ಕಾಯಿಲೆಯ ನಗು ಅಕ್ಕ. ಅವರು ನಗ್ತಿಲ್ಲ’ ಎಂದಳು ಮೇಡಂ. ಅವನ ಎರಡೂ ಕಣ್ಣಿಂದ ನೀರು ಇಳಿದು ಕಿವಿಯ ಹತ್ತಿರ ದಿಂಬು ಒದ್ದೆಯಾಯಿತು.

ಬರೆದು ಮುಗಿಸಿದ ವರದಿಯನ್ನು ಮೇಡಂ ಅವನ ಮುಂದೆಯೇ ಓದಿದಳು. ಕೂಗಲು ಆಗುವುದಿಲ್ಲ. ಸರಿಯಾಗಿ ನುಂಗಲು ಆಗುವುದಿಲ್ಲ. ನೋವಿದ್ದರೆ ತಿಳಿಸಲು ಆಗುವುದಿಲ್ಲ. ಸಾಲಿನ ಕೆಳಗೆ ಸಾಲು, ಆಗುವುದಿಲ್ಲ, ಆಗುವುದಿಲ್ಲ. ಒಪ್ಪಿಗೆಯೇ ಎಂದು ಕೇಳಿದರೆ ಅವನು ಹೌದೆಂದು ರೆಪ್ಪೆ ಬಡಿಯಲಿಲ್ಲ. ಏನೋ ಹೇಳುವುದಿತ್ತು. ಮಗಳು ಒಂದು ರಟ್ಟಿನ ಮೇಲೆ ಅಕ್ಷರಮಾಲೆ ಬರೆದು, ಒಂದೊಂದರ ಮೇಲೂ ಬೆರಳಾಡಿಸಿದಳು. ಬೇಕಾದ ಅಕ್ಷರ ಬಂದಾಗ ಅವನು ರೆಪ್ಪೆ ಬಡಿದ. ದಾರಿ ತಪ್ಪಿ, ಮತ್ತೆ ಮೊದಲಿಂದ ಶುರುಮಾಡಿ, ಕೊನೆಗೆ ಒಂದು ಪದವಾಯಿತು: ಕಂಡಕ್ಟರ್.

‘ಅದನ್ನು ಬರೆದಿಲ್ಲ ಅಂತಲಾ?’ ಎಂದು ಮೇಡಂ ಕೇಳಿದಳು. ರೆಪ್ಪೆ ಬಡಿದ. ಅವಳು ವರದಿಯ ಮೇಲ್ಭಾಗದಲ್ಲಿ, ಹೆಸರಿನ ಪಕ್ಕದಲ್ಲೇ, ‘ವೃತ್ತಿ: ಸಿಟಿ ಬಸ್ ಕಂಡಕ್ಟರ್’ ಎಂದು ಸೇರಿಸಿ ತೋರಿಸಿದಳು. ಆಮೇಲೆ ಒಪ್ಪಿಗೆ ಕೊಟ್ಟ.

ಈ ಸಲ ಮಂಜೂರಾಯಿತು. ಆದರೂ ಯಂತ್ರ ಮನೆಗೆ ಬರುವ ಹೊತ್ತಿಗೆ ಅವನು ಸೊರಗಿ ಹಾಸಿಗೆಗೆ ಅಂಟಿಹೋಗಿದ್ದ. ಮೇಡಂ ಅದನ್ನು ಮಂಚಕ್ಕೆ ಬಿಗಿದು, ತಲೆ ಪಕ್ಕಕ್ಕೆ ವಾಲಿದ್ದ ಅವನ ಕಣ್ಣಿನ ಅಳತೆಗೆ ಕೂರಿಸಿದಳು. ಏನು ಹೇಳುತ್ತಾನೋ ಎಂದು ತಾಯಿ ಮಗಳು ಕೈಕೈ ಹಿಡಿದು ನಿಂತರು. ವಾರ್ತೆ ಓದುವವರಂಥ ಒಂದು ಅಪರಿಚಿತ ದನಿ ಹೇಳಿತು: ‘ಕೆಳಗೆ ಸೂಜಿ ಬಿದ್ದಿದೆ. ಕಾಲಿಗೆ ಚುಚ್ಚೀತು.’

ಟೈಲರಕ್ಕ ಬಗ್ಗಿ ನೋಡಿದರೆ ಪಾದದ ಪಕ್ಕದಲ್ಲೇ ಸೂಜಿ. ಎತ್ತಿಕೊಂಡು ಅಲ್ಲೇ ಕೂತು ಅತ್ತಳು.

ಆಮೇಲಿನ ದಿನಗಳಲ್ಲಿ ಅವನು ಫ್ಯಾನು ಹಾಕಿಸಿದ, ಆರಿಸಿದ, ಗಂಜಿಗೆ ಉಪ್ಪು ಸಾಲದು ಎಂದ. ಮಗಳು ಓದು ಬಿಟ್ಟು ಕೆಲಸಕ್ಕೆ ಸೇರುತ್ತೇನೆ ಎಂದಾಗ, ‘ನಾನು ಇನ್ನೂ ಇದ್ದೀನಿ’ ಎಂದು ಯಂತ್ರದಿಂದಲೇ ಗದರಿದ. ಗಂಡ ಹೆಂಡತಿ ಒಂದೆರಡು ಸಲ ಜಗಳವನ್ನೂ ಆಡಿದರು. ಅವನು ಒಂದು ಮಾತು ಕೂಡಿಸುವಷ್ಟರಲ್ಲಿ ಅವಳ ಸಿಟ್ಟು ಇಳಿದುಹೋಗಿರುತ್ತಿತ್ತು. ಬರಬರುತ್ತಾ ಕಣ್ಣೂ ಬೇಗ ಸೋಲತೊಡಗಿತು. ಮಾತು ಚಿಕ್ಕದಾಯಿತು. ಒಂದು ಬೆಳಿಗ್ಗೆ ಅವಳು ಮುಖ ಒರೆಸಲು ಬಟ್ಟೆ ಹಿಂಡಿಕೊಂಡು ಬಂದಾಗ ಉಸಿರು ನಿಂತಿತ್ತು. ಯಂತ್ರದಿಂದ ಮಾತಾಡಿದ ಕಾಲಕ್ಕಿಂತ ಆ ಮಾತಿಗಾಗಿ ಕಾದ ಕಾಲವೇ ಹೆಚ್ಚು.

ಯಂತ್ರವನ್ನು ಹಿಂದಿರುಗಿಸಬೇಕಿತ್ತು, ಸಾಲಿನಲ್ಲಿ ಬೇರೆಯವರಿದ್ದರು. ಮೇಡಂ ಬಂದು, ‘ಅವರು ಆಡಿದ ಮಾತೆಲ್ಲ ಇದರಲ್ಲಿದೆ ಅಕ್ಕ. ಅಳಿಸೋ ಮೊದಲು ಕೇಳ್ತೀರಾ?’ ಎಂದಳು.

‘ಬೇಡ ಮೇಡಂ. ಆ ದನಿ ಅವರದ್ದಲ್ಲ’ ಎಂದು ಟೈಲರಕ್ಕ ಅದರ ಧೂಳು ಒರೆಸಿ ಕೊಟ್ಟಳು.

ಮೇಡಂ ಹೊಸ್ತಿಲಲ್ಲಿ ನಿಂತು ಹಿಂದೆಮುಂದೆ ನೋಡಿದಳು. ‘ಇನ್ನೊಂದು ಮನೆ ಇದೆ. ಗಂಡನಿಗೆ ಇದೇ ಕಾಯಿಲೆ. ಹೆಂಡತಿ ನನ್ನ ಹತ್ರ ಏನೂ ಹೇಳಲ್ಲ. ನೀವೊಂದು ಸಲ ಬರ್ತೀರಾ?’

ಆ ಭಾನುವಾರ ಟೈಲರಕ್ಕ ಹೋದಳು. ಬಾಗಿಲು ತೆಗೆದವಳಿಗೆ ಇನ್ನೂ ಚಿಕ್ಕ ವಯಸ್ಸು. ಕುರ್ಚಿ ಎಳೆದು ಕೂರಿಸಿ ಟೀ ಮಾಡಲು ಒಳಗೆ ಹೋದಳು. ಟೀ ಕುದಿ ಬರುವಷ್ಟರಲ್ಲಿ ಪಕ್ಕದ ಕೋಣೆಯಿಂದ ನರಳಿದಂಥ ಸದ್ದು ಬಂತು. ಬಂದೆ ಎನ್ನುತ್ತಾ ಅವಳು ಅತ್ತ ಓಡಿದಳು. ಟೈಲರಕ್ಕ ಎದ್ದು ಹೋಗಿ, ಉಕ್ಕುತ್ತಿದ್ದ ಟೀ ಇಳಿಸಿ, ಕಾಲಿನ ಗಾಯದ ಕತೆಯಿಂದಲೇ ಮಾತು ಶುರುಮಾಡಬೇಕು ಎಂದುಕೊಂಡು, ಅವಳು ಬರುವವರೆಗೆ ಅಡುಗೆಮನೆಯಲ್ಲೇ ಕಾದಳು.