ಎಡ ಮಗ್ಗುಲ ತಗಡು

ಹುಮನಾಬಾದಿನ ನಮ್ಮ ಕುಲುಮೆಯಲ್ಲಿ ಯುದ್ಧದ ಟ್ಯಾಂಕು ತಯಾರಾಗಿತ್ತು ಎಂದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಅದಕ್ಕೆ ತಿದಿ ಒತ್ತಿದವಳು ನಾನು.

ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷವಾಗಿದ್ದರೂ ನಮ್ಮ ಸೀಮೆ ಇನ್ನೂ ನಿಜಾಮರ ಆಳ್ವಿಕೆಯಲ್ಲೇ ಇತ್ತು. ಆ ಮಳೆಗಾಲದಲ್ಲಿ ನಿಜಾಮರ ಪರದ ಬಂದೂಕಿನವರ ಒಂದು ಗುಂಪು ಊರ ಹೊರಗೆ ಬಿಡಾರ ಹೂಡಿತು. ಅವರ ಜಮಾದಾರ ಒಂದು ಹಳೆಯ ಬಸ್ಸನ್ನು ನಮ್ಮ ಬಾಗಿಲಿಗೆ ತಳ್ಳಿಸಿಕೊಂಡು ಬಂದ.

"ಮಿಸ್ತ್ರಿ, ಇದಕ್ಕ ಸುತ್ತೂ ಕಬ್ಬಿಣ ಹೊದಿಸು. ಇದು ಮುಂದ ಹೋಗಬೇಕು, ನಮ್ಮ ಜವಾನರು ಇದರ ಹಿಂದ ಮರಿಗೆ ನಡೀಬೇಕು. ಗೋಲಿ ತಡೀಬೇಕು, ಹಗುರನೂ ಇರಬೇಕು."

ನನ್ನ ಗಂಡ ಮಾತಿನಲ್ಲಿ ಬಲು ಜಿಪುಣ. ಬಸ್ಸಿನ ಸುತ್ತ ಒಂದು ಸಲ ತಿರುಗಿ ಬಂದು ಹೇಳಿದ: "ಸಾಹೇಬ್ರ, ಗೋಲಿ ತಡಿಯೋ ಕಬ್ಬಿಣ ಎರಿ ಮಣ್ಣಾಗ ಹುಗೀತದ. ಹುಗೀಲಾರದ್ದು ಗೋಲಿ ತಡಿಯಂಗಿಲ್ಲ."

"ಕೆಲಸ ಬರ್ತದೋ ಇಲ್ಲೋ ನಿನಗ?" ಎಂದ ಜಮಾದಾರ.

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ನನ್ನೆದುರಿಗೇ ನನ್ನ ಗಂಡನ ಕಸುಬನ್ನು ಅಣಕಿಸಿದರೆ ಹೇಗೆ ತಡೆದುಕೊಳ್ಳಲಿ? ತಿದಿ ಬಿಟ್ಟು ಎದ್ದೆ. "ಗಾಲಿಗೆ ಹಳಿ ಏರಿಸಿದ ಹೊಸ ಬಂಡಿ ಮೊದಲ ಇವರಾ ಹತ್ತತಾರ್ರಿ. ಹಳ್ಳ ದಾಟಿಸಿ ತೋರ್ಸಿ ಆಮ್ಯಾಲ ಗಿರಾಕಿ ಕೈಗೆ ಕೊಡೋದು ನಮ್ಮ ಕುಲುಮಿ ಪದ್ಧತಿ," ಎಂದೆ. ಜಮಾದಾರ ನನ್ನನ್ನೊಮ್ಮೆ ನೋಡಿ, "ಅಚ್ಛಾ," ಎಂದು ಹೊರಟುಹೋದ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಕಬ್ಬಿಣಕ್ಕಾಗಿ ಜವಾನರು ಸುತ್ತಲಿನ ಹಳ್ಳಿಗಳಿಂದ ಬೆಲ್ಲ ಕುದಿಸುವ ದೊಡ್ಡ ಕಡಾಯಿಗಳನ್ನೇ ಕಸಿದು ಹೊತ್ತು ತಂದು ನಮ್ಮ ಅಂಗಳದಲ್ಲಿ ಕೆಡವಿದರು. ಅವನ್ನು ಕಾಸಿ, ಬಡಿದು, ಚಪ್ಪಟೆ ಹಲಗೆ ಮಾಡುತ್ತಿದ್ದೆವು. ಒಂದು ದಿನ ಘಾಟಬೋರಾಳದ ಒಬ್ಬ ಹೆಂಗಸು ಗಾಡಿ ಹೊಡೆದುಕೊಂಡು ಬಂದು ತನ್ನ ಕಡಾಯಿಯ ಪಕ್ಕದಲ್ಲೇ ಕೂತುಬಿಟ್ಟಳು. ಅದೊಂದು ಇನ್ನೂ ಬಡಿಯದೆ ಉಳಿದಿತ್ತು.

"ಕಬ್ಬು ಹೊಲದಾಗ ನಿಂತದ ತಂಗಿ. ಕಡಾಯಿ ಹೋದ್ರ ಬೆಲ್ಲ ಯಾತರಾಗ ಕುದಿಸ್ಲಿ? ಮಕ್ಕಳಿಗೆ ಏನ್ ಹಾಕ್ಲಿ?"

ಗಂಡ ರಿವೆಟ್ಟು ತರಲು ನನ್ನ ತವರೂರಿಗೆ ಹೋಗಿದ್ದ. ಈಗಿನ ಬಸವಕಲ್ಯಾಣ, ನಾವಾಗ ಕಲ್ಯಾಣಿ ಎನ್ನುತ್ತಿದ್ದೆವು. ನಾನು ಹಿಂದೆ ಮುಂದೆ ನೋಡಲಿಲ್ಲ. ಇಬ್ಬರೂ ಸೇರಿ ಕಡಾಯಿಯನ್ನು ಗಾಡಿಗೆ ಹೇರಿ ಮೇಲೆ ಜೋಳದ ಕಣಿಕೆ ಮುಚ್ಚಿದೆವು. ಆಕೆ ಹೋದ ಮೇಲೆ ಮೂಲೆಯಲ್ಲಿದ್ದ ಎಣ್ಣೆ ಡಬ್ಬಿಯ ತೆಳ್ಳನೆ ತಗಡನ್ನು ಬಿಚ್ಚಿ, ಬಡಿದು, ಮಸಿ ಬಳಿದು ಉಳಿದ ಹಲಗೆಗಳ ನಡುವೆ ಇಟ್ಟೆ. ಮರುದಿನ ಗಂಡ ಅದನ್ನು ಬಸ್ಸಿನ ಎಡ ಮಗ್ಗುಲಿಗೆ ಜಡಿದ. ಏನೂ ಅನ್ನಲಿಲ್ಲ. ಗೊತ್ತಾಗಲಿಲ್ಲವೆಂದು ಒಳಗೊಳಗೇ ಬೀಗಿದೆ ಕೂಡ, ಮೂಳಿ ನಾನು.

ಮೊದಲ ಸಲ ಓಡಿಸಿದಾಗ ಅವನು ಹೇಳಿದಂತೆಯೇ ಗಾಲಿಗಳು ಅಚ್ಚಿನವರೆಗೂ ಕೆಸರಿನಲ್ಲಿ ಹುಗಿದವು. ಜಮಾದಾರನ ಹುಕುಮಿನಂತೆ ಮೇಲಿನ ಹೊದಿಕೆ ಕಿತ್ತು ಭಾರ ಇಳಿಸಿದ ಮೇಲೆ ಹೇಗೋ ತೆವಳಿತು. ಗುಂಡಿನ ಪರೀಕ್ಷೆ ಉಳಿದಿತ್ತು. ಅದಕ್ಕೆ ಜಮಾದಾರ ಹಗಲು ಹೊತ್ತಿನಲ್ಲೇ ಬಂದ. ಜವಾನರು ರಸ್ತೆಯ ಎರಡೂ ಬದಿಗೆ ನಿಂತರು.

"ಬಾಯಿ, ಅವತ್ತ ನೀ ಏನ್ ಅಂದಿದ್ದಿ? ಮಾಡಿದಾಂವನ ಮೊದಲ ಹತ್ತತಾನ ಅಂದಿದ್ದಿ. ಹತ್ತಲಿ. ಎರಡೂ ಮಗ್ಗಲಿಗೆ ಒಂದೊಂದು ಗೋಲಿ ಹೊಡೀತೀವಿ."

ಹತ್ತು ಎಂದದ್ದು ನನ್ನ ಬಾಯಿ, ಎಡಕ್ಕೆ ತಗಡು ಇಟ್ಟದ್ದು ನನ್ನ ಕೈ. ಸತ್ಯ ಹೇಳಿದರೆ ಘಾಟಬೋರಾಳದವಳ ಮನೆಗೆ ಬಂದೂಕು ಹೋಗುತ್ತದೆ. ಹೇಳದಿದ್ದರೆ ಗಂಡ ಹೋಗುತ್ತಾನೆ. ಅವನಾಗಲೇ ರುಮಾಲು ಬಿಗಿದುಕೊಂಡು ಒಳಗೆ ಹತ್ತಿದ್ದ, ನನ್ನ ಕಡೆ ತಿರುಗಿ ಕೂಡ ನೋಡದೆ.

"ತಿದಿ ಒತ್ತಿದಾಕಿ ನಾ. ನಾನೂ ಹತ್ತತೇನಿ," ಎಂದು ಕೂಗಿ, ಯಾರಾದರೂ ತಡೆಯುವ ಮೊದಲೇ ಒಳಗೆ ನುಗ್ಗಿದೆ.

ಅವನು ಬಲ ಮಗ್ಗುಲಿಗೆ ಬೆನ್ನು ಕೊಟ್ಟು ಕೂತಿದ್ದ. "ಎಡಕಿಂದು ಕಡಾಯಿ ಅಲ್ಲರೀ, ಡಬ್ಬಿ ತಗಡ ಅದ. ನಾನ ಇಟ್ಟೀನಿ," ಎಂದು ಅವನ ಕಿವಿಯಲ್ಲಿ ಅತ್ತೆ.

"ಗೊತ್ತದ. ಸುತ್ತಿಗಿ ಹೊಡೆದಾಂವ ನಾ. ಕೈಗೆ ತಿಳಿಯಂಗಿಲ್ಲೇನ? ನೀ ಯಾಕ ಬಂದಿ ಹುಚ್ಚಿ?" ಎಂದವನೇ ನನ್ನನ್ನು ನೆಲಕ್ಕೆ ಕೆಡವಿ ಮೇಲೆ ಬಿದ್ದ. ನಾನು ಸಿಡಿಲು ಬಡಿದವಳ ಹಾಗೆ ಬಿದ್ದಿದ್ದೆ.

ಬಲದ ಗುಂಡು ಢಣ್ ಎಂದು ಬಡಿದು ಹೊರಗೇ ಉಳಿಯಿತು. ಎಡದ್ದು ತಗಡನ್ನು ಸೀಳಿ, ಅವನ ರುಮಾಲಿನ ಒಂದು ಸುತ್ತು ಹರಿದು, ಎದುರಿನ ಕಡಾಯಿ ಹಲಗೆಗೆ ಹೊಡೆದು ನನ್ನ ಕಾಲ ಹತ್ತಿರ ಉರುಳಿತು. ತಗಡಿನ ತೂತಿನಿಂದ ಬಿಸಿಲು ಒಳಗೆ ಬಂತು.

ಹೊರಗೆ ಜಮಾದಾರ ಆ ತೂತಿನಲ್ಲಿ ಬೆರಳು ತೂರಿಸಿ ನೋಡಿ ನನ್ನ ಗಂಡನ ಕಪಾಳಕ್ಕೆ ಬಾರಿಸಿದ.

"ಭಾರ ಇಳಿಸು ಅಂದೋರು ನೀವಾ ಅಲ್ರಿ ಸಾಹೇಬ್ರ? ಹಗುರ ಬೇಕಂದ್ರ ಹಿಂಗ ಆಗ್ತದ. ದಪ್ಪ ಹಾಕ್ಲೇನ? ಮತ್ತ ಹುಗೀತದ," ಎಂದ ಇವನು, ಕೆನ್ನೆ ಕೂಡ ಸವರಿಕೊಳ್ಳದೆ. ನನ್ನ ತಪ್ಪನ್ನು ಅಷ್ಟು ಸಲೀಸಾಗಿ ತನ್ನ ಮೈಮೇಲೆ ಎಳೆದುಕೊಂಡ. ಜವಾನರಲ್ಲಿ ಒಬ್ಬನೂ ಆ ಬಸ್ಸು ಹತ್ತಲಿಲ್ಲ. ಕೆಲವೇ ದಿನಗಳಲ್ಲಿ ದೇಶದ ದಂಡು ಬರುತ್ತಿದೆ ಎಂಬ ಸುದ್ದಿಗೆ ಅವರೆಲ್ಲ ಬಸ್ಸನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಗುಂಡು ಹಾರಿದ ಆ ದಿನ ಮನೆಗೆ ಬಂದು ರೊಟ್ಟಿ ಬಡಿಸಿದೆ. "ಗೊತ್ತಿದ್ರೂ ಇಷ್ಟು ದಿನ ಒಂದು ಮಾತು ಕೇಳಲಿಲ್ಲ ನೀವು. ಗೊತ್ತಿದ್ದೂ ಹೋಗಿ ಅದರಾಗ ಕೂತ್ರಿ. ಯಾಕ್ರೀ?" ಎಂದು ಅವನ ಮೇಲೆ ಹರಿಹಾಯ್ದೆ.

ಅವನು ರೊಟ್ಟಿ ಮುರಿಯುತ್ತ ಹೇಳಿದ: "ನೀನಾಗಿ ಹೇಳ್ತಿ ಅಂತ ದಿನಾ ಕಾಯಾಕತ್ತಿದ್ದೆ."