ಚರಗದ ಹಿಂದಿನ ಕೂಗು

ಸಕಲ ಸಭಾಸದರೇ, ಸದ್ದು ಬೇಡ! ಇವತ್ತು ಶೀಗಿ ಹುಣ್ಣಿಮೆ. ಹೊಲದಲ್ಲಿ ಬುತ್ತಿಯ ಡಬ್ಬಿ ತೆರೆದೆ. ಪುಂಡಿಪಲ್ಲೆಯ ಘಮ ಬಂತು, ಮನಸ್ಸು ಮತ್ತೆ ಹುಡುಗನ ಚಡ್ಡಿ ಹಾಕ್ಕೊಂತು.

ಆಗ ಮನೆಮಂದಿಯೆಲ್ಲ ಚಕ್ಕಡಿಯಲ್ಲಿ ಹೊಲಕ್ಕೆ ಬರುತ್ತಿದ್ದೆವು. ಅಪ್ಪ ಬೆಳೆಯ ಸುತ್ತ ನಡೆದು, ಭೂಮಿತಾಯಿಗೆ ಎಡೆಯ ಅನ್ನವನ್ನು ಚರಗವೆಂದು ಚೆಲ್ಲುತ್ತ, “ಹುಲ್ಲುಲ್ಲಿಗೋ” ಎಂದು ಕೂಗುತ್ತಿದ್ದ. ಹಿಂದೆ ತಂಬಿಗೆಯ ನೀರು ಚಿಮುಕಿಸುತ್ತ ನಾನು “ಚಲ್ಲಾಂಬರಿಗೋ” ಎಂದು ಓಗೊಡಬೇಕಿತ್ತು. ಓಗೊಡುವ ತನಕ ಅಪ್ಪ ಹೆಜ್ಜೆ ಕೀಳುತ್ತಿರಲಿಲ್ಲ.

“ಯಾಕಲೇ, ಬಾಯಾಗ ಕಡಬ ಸಿಕ್ಕೊಂಡೈತೇನು?”

“ನುಂಗಾಕತ್ತೀನಿ, ತಡೀಯಪ್ಪಾ!”

ಬದುವಿನ ಮೇಲೆ ಕೂತ ಅವ್ವ ಬಿದ್ದು ಬಿದ್ದು ನಗುತ್ತಿದ್ದಳು.

ಈಗ ಅವರಿಬ್ಬರೂ ಇಲ್ಲ. ನನಗೆ ಮದುವೆಯೂ ಆಗಿಲ್ಲ, ತಂಬಿಗೆ ಹಿಡಿದು ಹಿಂದೆ ಬರುವವರಿಲ್ಲ. ಇವತ್ತು ನಾನೇ ಮುಂದೆ ನಡೆದು “ಹುಲ್ಲುಲ್ಲಿಗೋ” ಎಂದು ಕೂಗಿದೆ, ಅಪ್ಪನಂತೆ ಹೆಜ್ಜೆ ಕೀಳದೆ ನಿಂತೆ.

ಸಭೆ ಗಿಭೆ ಏನೂ ಇಲ್ಲರಿ. ಯಾರಾದರೂ ಓಗೊಟ್ಟಾರೆಂದು ಇದನ್ನು ಬರೆದೆ.